ಬಾರ್ಬಡೋಸಿನಲ್ಲಿ ಬಸ್ಸಿಗೆ ಕಾದ ನಾಲ್ಕು ದಿನ

ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಿಂದ ಲಂಡನ್‌ಗೆ ಹದಿನಾಲ್ಕು ಗಂಟೆ, ಅಲ್ಲಿ ಐದು ಗಂಟೆ ಕಾದು ಮತ್ತೆ ಒಂಬತ್ತು ಗಂಟೆ. ಕೆರಿಬಿಯನ್ ದ್ವೀಪ ಬಾರ್ಬಡೋಸಿನಲ್ಲಿ ಇಳಿದಾಗ ನನ್ನ ಪಾದಗಳು ಊದಿದ್ದವು. ಕೈಗಡಿಯಾರದ ಮುಳ್ಳು ತಿರುಗಿಸಬೇಕಾಗಲಿಲ್ಲ. ಸಿಂಗಾಪುರಕ್ಕೂ ಅಲ್ಲಿಗೂ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ.

ಮಗಳು ಸಹನಾ ಅಲ್ಲಿ ಮೆಡಿಕಲ್ ಓದುತ್ತಿದ್ದಳು. ಎರಡು ತಿಂಗಳಿಂದ ಫೋನಿನಲ್ಲಿ "ಫೈನ್ ಅಮ್ಮ" ಬಿಟ್ಟು ಬೇರೆ ಮಾತಿರಲಿಲ್ಲ. ಸಿಂಗಾಪುರದ ಜುರಾಂಗ್ ಐಲ್ಯಾಂಡಿನ ತೈಲ ರಿಫೈನರಿಯಲ್ಲಿ ಕೆಲಸ ಮಾಡುವ ನನ್ನವರಿಗೆ ರಜೆ ಸಿಗದೆ ನಾನೊಬ್ಬಳೇ ಹೊರಟಿದ್ದೆ.

ದ್ವೀಪ ಸಿಂಗಾಪುರಕ್ಕಿಂತ ಚಿಕ್ಕದು, ಆದರೆ ನಮ್ಮಲ್ಲಿನ ಮೆಟ್ರೋ ರೈಲಾದ ಎಂಆರ್‌ಟಿ ಇಲ್ಲ. ಟ್ಯಾಕ್ಸಿಗೆ ಮೀಟರ್ ಇಲ್ಲ; ಹತ್ತುವ ಮೊದಲೇ ದರ ಕೇಳಬೇಕು. ಬಾಡಿಗೆ ಕಾರು ಸಿಗುತ್ತದೆ, ನಮ್ಮಂತೆ ಎಡಬದಿಯ ಸಂಚಾರ, ಆದರೆ ನನ್ನ ಲೈಸೆನ್ಸ್ ಅವಧಿ ಮುಗಿದಿತ್ತು. ಉಳಿದದ್ದು ಸರ್ಕಾರದ ನೀಲಿ ಬಸ್ಸು, ಖಾಸಗಿ ಹಳದಿ ಮಿನಿಬಸ್ಸು, ಕಿವಿಗಡಚಿಕ್ಕುವ ಹಾಡು ಹಾಕಿ ಜನರನ್ನು ತುರುಕುವ ಬಿಳಿ ವ್ಯಾನು. ಎಷ್ಟೇ ದೂರ ಹೋದರೂ ಅಲ್ಲಿನ ಮೂರೂವರೆ ಡಾಲರ್.

ಎರಡನೆಯ ದಿನ ಪೂರ್ವ ಕರಾವಳಿಯ ಬಾತ್‌ಶೀಬಾಗೆ ಹೊರಟೆವು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವ ಬದಿ ಬಿಸಿಲು, ಎಲ್ಲವೂ ಸಹನಾಗೆ ಗೊತ್ತಿತ್ತು. ನೀಲಿ ಬಸ್ಸಿನ ಡ್ರೈವರ್, ದೊಡ್ಡ ಮೈಯ ಹೆಂಗಸು, ಅವಳನ್ನು ನೋಡಿ ನಕ್ಕಳು. "ಏನು ಡಾಕ್ಟರ್, ಇವತ್ತು ಜೊತೆಗೆ ಜನ?"

ಬಾತ್‌ಶೀಬಾದಲ್ಲಿ ಮ್ಯಾಕರೋನಿ ಪೈ ತಿಂದು, ಅಲೆಗೆ ಸಿಕ್ಕಿ ಬುಡ ಸವೆದ ದೊಡ್ಡ ಬಂಡೆಗಳನ್ನು ನೋಡಿದೆವು. ವಾಪಸ್ಸು ಬರುವ ಬಸ್ಸು ಎರಡು ಗಂಟೆ ಕಾದರೂ ಬರಲಿಲ್ಲ. ಸೆಕೆಗೆ ಸೀರೆ ಮೈಗಂಟಿತ್ತು. ಸುಮ್ಮನೆ ಕೇಳಿದೆ, "ಈ ರೂಟೆಲ್ಲಾ ನಿಂಗೆ ಹೇಗೆ ಗೊತ್ತು?"

ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಕ್ಲಾಸ್‌ಗೆ ಹೋಗೋದು ನಿಲ್ಲಿಸ್ಬಿಟ್ಟೆ ಅಮ್ಮ. ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಬಸ್ ಹತ್ತೀನಿ. ಕಾಲೇಜ್ ಸ್ಟಾಪ್ ಬಂದ್ರೆ ಉಸಿರು ಕಟ್ಟುತ್ತೆ, ಇಳಿಯಕ್ಕೆ ಆಗಲ್ಲ. ಲಾಸ್ಟ್ ಸ್ಟಾಪ್‌ವರೆಗೂ ಹೋಗಿ ವಾಪಸ್ ಬರ್ತೀನಿ. ಎವ್ರಿ ಡೇ."

"ಪಪ್ಪಾ ಅಲ್ಲಿ ನೈಟ್ ಶಿಫ್ಟ್ ಮಾಡ್ತಾ ಇದಾರೆ, ನೀನಿಲ್ಲಿ ಬಸ್ಸಲ್ಲಿ ಸುತ್ತುತಾ ಇದೀಯಾ?"

ಅಂದ ಮೇಲೆ ನುಂಗಿಕೊಳ್ಳಲು ಬರುವುದಿಲ್ಲ. ಅವಳು ಎದ್ದು ಸಮುದ್ರದ ಕಡೆ ನಡೆದುಬಿಟ್ಟಳು. ಹಿಂದೆ ಓಡಬೇಕಿತ್ತು, ಓಡಲಿಲ್ಲ. ಆಗಲೇ ಬಸ್ಸು ಬಂತು, ಅದೇ ಡ್ರೈವರ್. "ಡಾಕ್ಟರ್ ಎಲ್ಲಿ?" ಎಂದಳು. ನಾನು ಕಡಲ ಕಡೆ ಕೈ ತೋರಿಸಿದೆ. ನನ್ನ ಮುಖವನ್ನೊಮ್ಮೆ ನೋಡಿ ಅವಳು ಎಂಜಿನ್ ಆಫ್ ಮಾಡಿದಳು. "ಕರಕೊಂಡು ಬಾ. ಆ ಹುಡುಗಿ ಎಷ್ಟೋ ದಿನ ನನ್ನ ಹಿಂದಿನ ಸೀಟಿನಲ್ಲಿ ಅಳುತ್ತಾ ಬಂದಿದ್ದಾಳೆ."

ಒಳಗಿದ್ದವರು ಯಾರೂ ಗೊಣಗಲಿಲ್ಲ.

ಸಹನಾ ಒಂದು ಬಂಡೆಯ ನೆರಳಲ್ಲಿ ಕೂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿದ್ದು ನನಗೆ ಕಂಡದ್ದು ಆಗಲೇ. "ಬಾ ಮರಿ, ಬಸ್ ನಿಂತಿದೆ. ತಪ್ಪಾಯ್ತು, ಹಾಗನ್ನಬಾರದಿತ್ತು" ಎಂದೆ. ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ನಿದ್ದೆಹೋದಳು.

ಮಾರನೆಯ ದಿನ ಅವಳು ಹೊರಗೆ ಬೆಂಚಿನ ಮೇಲೆ ಉಳಿದಳು; ನಾನು ಕಾಲೇಜಿನೊಳಗೆ ಹೋಗಿ ಒಂದು ಸೆಮಿಸ್ಟರ್ ರಜೆಯ ಅರ್ಜಿ ತಂದು ಅವಳಿಂದ ಸಹಿ ಹಾಕಿಸಿ ಕೊಟ್ಟುಬಂದೆ. ಸಿಂಗಾಪುರದಲ್ಲಿದ್ದ ಇವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, "ಇಬ್ಬರೂ ಬನ್ನಿ" ಎಂದರು. ನಾಲ್ಕನೆಯ ದಿನ ಹಳದಿ ಬಸ್ಸಿನಲ್ಲೇ ವಿಮಾನ ನಿಲ್ದಾಣಕ್ಕೆ ಹೋದೆವು.

ಸಿಂಗಾಪುರದಲ್ಲಿ ನಮ್ಮ ಮನೆ ಹತ್ತಿರದ ಬ್ಯೂನಾ ವಿಸ್ಟಾ ಮೆಟ್ರೋ ಸ್ಟೇಷನ್ನಿನ ಗೇಟಿನ ಹೊರಗೆ ಇವರು ನಿಂತಿದ್ದರು, ಶಿಫ್ಟಿನಿಂದ ನೇರ ಬಂದಿದ್ದರು, ಗಡ್ಡ ಬೋಳಿಸಿರಲಿಲ್ಲ. ಸಹನಾ ಎದುರಿಗೆ ಹೋಗಿ ನಿಂತಳು.

"ಕೋಪ ಇದೆಯಾ ಪಪ್ಪಾ?"

"ಇದೆ" ಎಂದರು. ಅವಳ ಹೆಗಲಿನ ಬ್ಯಾಗು ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. "ನಡಿ ಮನೆಗೆ. ನಿಂತ್ಕೊಂಡು ಕೋಪ ಮಾಡ್ಕೊಳ್ಳೋಷ್ಟು ಶಕ್ತಿ ನಂಗೂ ಇಲ್ಲ."