ನಾಲ್ಕನೇ ಕಪ್ಪಿಗಾಗಿ ನಿಂತ ಕೊಯ್ಲು

ಕಾನಸೂರಿನ ಕಡೆಯ ನಮ್ಮ ವಾಲಿಬಾಲ್ ಕ್ಲಬ್ಬು ಮೊದಲೆಲ್ಲ ಬಹಳ ಒಳ್ಳೆಯ ಕ್ಲಬ್ಬಾಗಿತ್ತು. ಎಲ್ಲಿಗೆ ಹೋದರೂ ಮೊದಲ ಸುತ್ತಿನಲ್ಲೇ ಸೋತು ಊಟದ ಹೊತ್ತಿಗೆ ಮನೆ ಸೇರುತ್ತಿತ್ತು. "ಸೋತ್ಕಂಡು ಬಂದ್ರ? ಬನ್ನಿ, ಉಂಬಲೆ ಹೊತ್ತಾತು" ಎಂದು ಊರೇ ನಗುತ್ತಿತ್ತು. ಆಡಲು ಬಾರದ ನನ್ನನ್ನು ಮ್ಯಾನೇಜರ್ ಮಾಡಿದ್ದರು. ಆಟಗಾರರ ಪಟ್ಟಿ ಬರೆಯುವುದು, ಚೆಂಡಿಗೆ ಗಾಳಿ ಹಾಕುವುದು, ಉಳಿದ ಹೊತ್ತಿನಲ್ಲಿ ಚಿಂತೆ ಮಾಡುವುದು ನನ್ನ ಕೆಲಸ. ಚಿಂತೆಯ ಕೆಲಸವನ್ನು ಯಾರೂ ಒಪ್ಪಿಸಿರಲಿಲ್ಲ.

ಆಮೇಲೆ ಊರಿನ ಕೊನೆಗೌಡ ಆಟಕ್ಕೆ ಬಂದ. ಅಡಿಕೆ ಮರ ಹತ್ತಿ ಗೊನೆ ಇಳಿಸುವುದು ಅವನ ಕಸುಬು. ಮರದಿಂದ ಮರಕ್ಕೆ ಹಾರಿ ಪಳಗಿದ ಮೈ; ನೆಟ್ಟಿನ ಮೇಲೆ ಅವನು ಎದ್ದರೆ ಎದುರಿನವರು ತಲೆ ತಗ್ಗಿಸುತ್ತಿದ್ದರು. ಮಂಚಿಕೇರಿ ಟೂರ್ನಮೆಂಟಿನ ಕಪ್ಪು ಮೂರು ವರ್ಷ ಸಾಲಾಗಿ ನಮ್ಮದಾಯಿತು.

ಮೊದಲ ವರ್ಷ ಊರು ಕುಣಿಯಿತು. ಮೂರನೇ ವರ್ಷದ ಹೊತ್ತಿಗೆ "ಹ್ಞಾಂ, ಗೆದ್ರಲ" ಅಂದು ಸುಮ್ಮನಾಯಿತು. ಅಭ್ಯಾಸ ನೋಡಲೂ ಜನ ಕುರ್ಚಿ ಹೊತ್ತು ಬರತೊಡಗಿದರು. ಯಾರಾದರೂ ಚೆಂಡು ಬಿಟ್ಟರೆ ಮುಂಚಿನ ಗೇಲಿ ಇಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಹೋಗಿ ಚೆಂಡಿನ ಗಾಳಿಯನ್ನು ಮತ್ತೊಮ್ಮೆ ಒತ್ತಿ ನೋಡುತ್ತಿದ್ದೆ.

ನಾಲ್ಕನೇ ವರ್ಷ ಪಂದ್ಯ ಅಡಿಕೆ ಕೊಯ್ಲಿನ ನಡುವೆಯೇ ಬಿತ್ತು. ಕೊನೆಗೌಡನಿಗೆ ದಣಿವಾಗಬಾರದೆಂದು ತೋಟದವರೆಲ್ಲ ಸೇರಿ ಕೊಯ್ಲನ್ನೇ ಮುಂದೆ ಹಾಕಿದರು. ಒಂದು ಅಡಿಕೆ ಬಿದ್ದಿದ್ದರೂ ಬಗ್ಗಿ ಹೆಕ್ಕುವ ಜನ, ಗೊನೆಗಟ್ಟಲೆ ಹಣ್ಣಾಗಿ ಉದುರುವುದನ್ನು ನೋಡುತ್ತ ನಿಂತರು. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಇಷ್ಟು ಬಿಟ್ಟುಕೊಟ್ಟವರು ಅವನಿಂದ ಇನ್ನೇನು ಕೇಳಲಿಕ್ಕಿಲ್ಲ?

ಪಂದ್ಯದ ಹಿಂದಿನ ದಿನ ಅವನೇ ಬಂದು ಲುಂಗಿ ಎತ್ತಿ ಬಲಮೊಣಕಾಲು ತೋರಿಸಿದ. ಎರಡು ಕಾಲೂ ಒಬ್ಬನದೇ ಎನ್ನುವಂತಿರಲಿಲ್ಲ, ಅಷ್ಟು ಊದಿತ್ತು.

"ಮಡಚೂಕೆ ಆಗೂದಿಲ್ಲ ಒಡೆಯಾ. ಇದು ಹೋದ್ರೆ ಮರ ಹತ್ತೂದು ಹ್ಯಾಂಗೆ? ನಾ ಹೇಳಿದ್ರೆ ನೆವ ಅಂತಾರೆ. ನೀವು ಹೇಳಿ."

ಹೇಳಿದೆ. ಅಭ್ಯಾಸ ನೋಡಲು ಬಂದು ಕುರ್ಚಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಕವಳ ಉಗಿದು ಬಂದು, "ತಮಾ, ನಿಂಗೆ ಮೋಡ ಕಂಡ್ರೂ ಹೆದ್ರಿಕೆ, ಬಿಸ್ಲು ಕಂಡ್ರೂ ಹೆದ್ರಿಕೆ. ಸುಮ್ಮಂಗೆ ಪಟ್ಟಿ ಬರೆ" ಎಂದರು. ಎಲ್ಲರೂ ನಕ್ಕರು. ಹೋದ ವರ್ಷ ಜೀಪಿನ ಟೈರು, ಅದರ ಹಿಂದಿನ ವರ್ಷ ನೆಟ್ಟಿನ ಹಗ್ಗ ಕೈಕೊಡುತ್ತದೆ ಎಂದು ನಾನು ಸುಮ್ಮನೆ ಹಾರಾಡಿದ್ದನ್ನು ಯಾರೂ ಮರೆತಿರಲಿಲ್ಲ. ಅವನನ್ನು ಬಿಟ್ಟು ಪಟ್ಟಿ ಬರೆಯಬಹುದಿತ್ತು. ಪೆನ್ನು ನನ್ನ ಕೈಯಲ್ಲೇ ಇತ್ತು. ಅವನ ಹೆಸರನ್ನೇ ಮೊದಲು ಬರೆದೆ.

ಗೆಲುವಿನ ಪಾಯಿಂಟು ಅವನದೇ. ಎದ್ದ, ಹೊಡೆದ, ಬಲಗಾಲ ಮೇಲೆ ಇಳಿದ. ಆ ಸದ್ದು ಗೆರೆಯಾಚೆ ಕೂತ ನನಗೂ ಕೇಳಿಸಿತು. ಜನ ನುಗ್ಗಿ ಬಂದು, ಬಿದ್ದವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು. ಅವನು ಕೂಗುತ್ತಿದ್ದ, ಅವರೂ ಕೂಗುತ್ತಿದ್ದರು. "ಇಳಸ್ರೋ" ಎಂದು ನಾನು ಹಿಂದೆ ಹಿಂದೆ ಓಡಿದೆ. ಮೂರು ಸುತ್ತು ಮುಗಿಯುವವರೆಗೆ ಯಾರೂ ಇಳಿಸಲಿಲ್ಲ.

ಅವನು ಮತ್ತೆ ಮರ ಹತ್ತಲಿಲ್ಲ. ಮರುವಾರ ಕೊಯ್ಲಿಗೆ ಬಿಳಗಿ ಕಡೆಯಿಂದ ಬೇರೊಬ್ಬನನ್ನು ಕರೆಸಿದರು. ಹೊಸಬ ಮರದಿಂದ ಮರಕ್ಕೆ ಹಾರುವಾಗ ಕೆಳಗೆ ನಿಂತವರು ಗೊನೆ ನೋಡಲಿಲ್ಲ, ಅವನ ಕಾಲನ್ನೇ ನೋಡುತ್ತಿದ್ದರು.

"ಏಯ್," ಅದೇ ಹಿರಿಯರು ಕೂಗಿದರು, "ನಿಂಗೆ ವಾಲಿಬಾಲ್ ಆಡೂಕೆ ಬರ್ತದನೋ?"