ಗಿರಿಜಾ ಬರೆದಿಟ್ಟ ಉಬ್ಬರದ ಹೊತ್ತು

ಗಿರಿಜಾ, ಆ ಹುಳುಗಳನ್ನು ಯಾರೂ ನನ್ನ ತಲೆಗೆ ಕಟ್ಟಲಿಲ್ಲ. ನಾನೇ ಕೇಳಿ ತಂದೆ. ನಿನಗೆ ಹೇಳಿದ್ದು ಸುಳ್ಳು.

ಅವನ್ನು ತರುವ ಹಿಂದಿನ ದಿನ ದಿಬ್ಬೂರಹಳ್ಳಿಯ ನಮ್ಮ ಹುಳುಮನೆ ಖಾಲಿಯಿತ್ತು. ರೇಷ್ಮೆಗೂಡು ಮಾರಿ ಬಂದು, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿದ್ದೆವು. ಮುಂದಿನ ಬೆಳೆಗೆ ಹದಿನೈದು ದಿನ ಬಿಡುವು — ವರ್ಷವಿಡೀ ನೀನು ಕಾದಿದ್ದ ಬಿಡುವು. ಅಂಡಮಾನಿಗೆ ಹೋಗಿ ಕಯಾಕ್ ಎಂಬ ಕಿರುದೋಣಿ ನಡೆಸಬೇಕು, ಮರುದಿನ ದೋಣಿ ಬಾಡಿಗೆಗೆ ಹಿಡಿದು ಮೀನಿಗೆ ಗಾಳ ಹಾಕಬೇಕು. ಸಮುದ್ರವನ್ನೇ ಕಾಣದ ನೀನು ತೆಲುಗಿನವನೇ ಆದ ಅಲ್ಲಿಯ ದೋಣಿಯವನಿಗೆ ಫೋನು ಮಾಡಿ, ನಿನ್ನ ತೆಲುಗಿನಲ್ಲೇ ಎಲ್ಲ ಕೇಳಿಕೊಂಡಿದ್ದೆ. ಉಪ್ಪುನೀರಲ್ಲೇ ಬೆಳೆಯುವ ಕಾಡೊಂದಿದೆಯಂತೆ, ಅದರೊಳಕ್ಕೆ ಹೋಗಲು ಉಬ್ಬರವೇ ಬೇಕಂತೆ. ಹುಳುಗಳು ಪೊರೆ ಬಿಡುವ ದಿನ ಗುರುತು ಹಾಕುವ ನೋಟ್‌ಪುಸ್ತಕದಲ್ಲೇ ಉಬ್ಬರದ ಹೊತ್ತುಗಳನ್ನೂ ಬರೆದಿಟ್ಟೆ.

ಆಮೇಲೆ ನೀನು, ಹುಳು ಸಾಕುವ ತೊಳೆದಿಟ್ಟ ದೊಡ್ಡ ಬಿದಿರು ತಟ್ಟೆಯೊಳಗೆ ಕೂತು, ಕೋಲು ಹಿಡಿದು ಹುಟ್ಟು ಹಾಕತೊಡಗಿದೆ.

"ರೀ, ಹಿಂದೆ ಕೂತ್ಕೊಳ್ರೀ. ಮುಂದೆ ಕೂತೋರು ದಾರಿ ನೋಡ್ಬೇಕಂತೆ, ಹಿಂದೆ ಇರೋರು ತಿರುಗಿಸ್ಬೇಕಂತೆ."

"ತಟ್ಟೆ ಮುರಿಯುತ್ತೆ ಕಣೇ, ಏಳು."

"ಮುರೀಲಿ ಬಿಡಿ. ತೊಟ್ಟಿ ನೀರು ಕಂಡ್ರೂ ಹಿಂಗೇ ಮುಖ ಮಾಡ್ತೀರಪ್ಪ ನೀವು!"

ನಾನು ನಕ್ಕುಬಿಟ್ಟೆ. ಚಿಕ್ಕಂದಿನಲ್ಲಿ ಬಾವಿಯಲ್ಲಿ ಮುಳುಗಿ ಬದುಕಿದವನು ನಾನು. ಇಷ್ಟು ವರ್ಷ ಸಂಸಾರ ಮಾಡಿಯೂ ಅದೊಂದನ್ನು ನಿನಗೆ ಹೇಳಲಾಗಲಿಲ್ಲ. ಗಂಡಸು, ನೀರಿಗೆ ಹೆದರುತ್ತಾನೆ ಎಂದರೆ — ಹೇಳಿದ್ದರೆ ನೀನು ಬಹುಶಃ —

ಮರುದಿನ ವಿಮಾನದ ಟಿಕೆಟ್ ಮಾಡಿಸಲು ಶಿಡ್ಲಘಟ್ಟಕ್ಕೆ ಹೋದವನು, ಮರಿಹುಳು ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರದಿಂದ ಎಳೆಹುಳುಗಳ ಟ್ರೇ ಹೊತ್ತು ಬಂದೆ. "ಯಾರೋ ಬೇಡ ಅಂದ್ರಂತೆ, ನಮಗೇ ಕಟ್ಬಿಟ್ರು" ಎಂದೆ. ಹುಳು ಒಳಗೆ ಬಂದರೆ ನೀನು ಮನೆ ಬಿಟ್ಟು ಕದಲುವವಳಲ್ಲ. ಅದು ಗೊತ್ತಿದ್ದೇ ತಂದೆ.

ನೀನು ಮೇಲಿನ ಕಾಗದ ಸರಿಸಿ ನೋಡಿದೆ. "ಅಯ್ಯೋ, ಹಸ್ಕೊಂಡವೆ ಕಣ್ರೀ. ಸಮುದ್ರ ಎಲ್ಲಿಗೆ ಹೋಗುತ್ತೆ? ಮುಂದಿನ ಬಿಡುವಿಗೆ ಹೋಗಣ" ಎಂದು ಸೊಪ್ಪು ಹೆಚ್ಚಲು ಕೂತೆ. ಒಂದು ಮಾತೂ ಬೈಯಲಿಲ್ಲ.

ಆ ಹುಳುಗಳು ಹಣ್ಣಾಗಿ ಗೂಡು ಕಟ್ಟುವ ಮೊದಲೇ, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವಳು ಎದೆ ಹಿಡಿದುಕೊಂಡು ಕೂತೆ. ಆಸ್ಪತ್ರೆ ಮುಟ್ಟಲಿಲ್ಲ.

ಈ ವರ್ಷದ ಬಿಡುವಿನಲ್ಲಿ ನಾನೊಬ್ಬನೇ ಹೋದೆ. ನಿನ್ನ ನೋಟ್‌ಪುಸ್ತಕ ತೋರಿಸಿದಾಗ ದೋಣಿಯವನು, ಇವು ಆ ವಾರದ ಹೊತ್ತುಗಳು ಸಾರ್, ದಿನಾ ಬದಲಾಗುತ್ತೆ ಎಂದ. ಲೈಫ್ ಜಾಕೆಟ್ ಬಿಗಿದು, ಇಬ್ಬರು ಕೂರುವ ಕಯಾಕಿನ ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿದ. ತಾನು ಬೇರೊಂದರಲ್ಲಿ ಪಕ್ಕದಲ್ಲೇ ಬಂದ.

ಮರಗಳು ಸಮುದ್ರದಲ್ಲಿ ಕಾಲೂರಿ ನಿಂತಿದ್ದವು ಗಿರಿಜಾ. ಬೇರುಗಳ ಸಂದಿಯಲ್ಲಿ ನೀರು ಏರುವ ಸದ್ದು — ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಅದೇ ಸದ್ದು! ಕಾಡು ದಾಟಿ ಹೊರಬಂದರೆ ನೀರಿಗೆ ಕೊನೆಯೇ ಇಲ್ಲ. ಎಷ್ಟು ತಿಳಿಯೆಂದರೆ, ಆಳದ ಮರಳಿನ ಮೇಲೆ ನನ್ನ ನೆರಳು ಜಾರುತ್ತಿತ್ತು, ಅದರೊಳಗಿಂದ ಮೀನುಗಳು ಹಾದುಹೋಗುತ್ತಿದ್ದವು. ಹೆದರಿಕೆ ಬಿಟ್ಟಿರಲಿಲ್ಲ. ಆದರೂ ಕಣ್ಣು ಮುಚ್ಚಲಾಗಲಿಲ್ಲ. ಇಂಥದ್ದನ್ನು ನಾನು ನಿನ್ನಿಂದ —

ಗಾಳ ಹಾಕಲು ಹೋಗಲಿಲ್ಲ. ಹುಟ್ಟು ಹಾಕಿದೆ, ತಿರುಗಿಸಿದೆ. ಮುಂದೆ ಕೂತು ದಾರಿ ನೋಡುವವಳು ಇರಲಿಲ್ಲ.