ನಿಮ್ಮ ಕೈ ಸರಿಯಾಗಿಯೇ ಇತ್ತು

ಶೇಖರಣ್ಣ, ನಿಮ್ಮ ಸೋಲ್ಡರಿಂಗ್‌ನಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಡಿಸೈನಿನಲ್ಲಿತ್ತು — ಅದು ನನಗೆ ಅಂದೇ ಗೊತ್ತಿತ್ತು.

ಕಡೂರಿನ ನಮ್ಮ ಸಣ್ಣ ಕಂಪನಿಯಲ್ಲಿ ಕೊಬ್ಬರಿ ಗ್ರೇಡ್ ಮಾಡುವ ಕ್ಯಾಮೆರಾ ಯಂತ್ರಕ್ಕೆ ಸರ್ಕ್ಯೂಟ್ ಬೋರ್ಡ್ ಮಾಡುತ್ತಿದ್ದೆವಲ್ಲ, ಆಗಿನ ಮಾತು. ಬೋರ್ಡಿನ ಗೆರೆಗಳನ್ನು ಎಳೆಯುವವಳು ನಾನು, ಚಿಪ್‌ಗಳನ್ನು ಕೂರಿಸುವವರು ನೀವು. ಪ್ರೊಸೆಸರ್‌ನಿಂದ ಮೆಮೊರಿಗೆ ಹೋಗುವ ತಾಮ್ರದ ಗೆರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು. ಇಲ್ಲದಿದ್ದರೆ ಸಿಗ್ನಲ್‌ಗಳು ಒಟ್ಟಿಗೆ ತಲುಪುವುದಿಲ್ಲ. ವ್ಯತ್ಯಾಸ ಎಷ್ಟಿದ್ದರೆ ನಡೆಯುತ್ತದೆ ಎಂದು ಸಾಫ್ಟ್‌ವೇರಿಗೆ ನಿಯಮ ಕೊಟ್ಟವಳೂ ನಾನೇ. ಒಂದು ಗೆರೆ ಮಾತ್ರ ಏನು ಮಾಡಿದರೂ ಹೊಂದಲಿಲ್ಲ, ಪರದೆಯ ಮೇಲಿನ ಕೆಂಪು ಗುರುತು ಹೋಗಲೇ ಇಲ್ಲ. ಎಲ್ಲ ಬಿಚ್ಚಿ ಮತ್ತೆ ಎಳೆಯಲು ಬೇಸರ — ಗೆರೆಯನ್ನು ಹಾಗೇ ಬಿಟ್ಟು ನಿಯಮವನ್ನೇ ಸಡಿಲ ಮಾಡಿದೆ. ಕೆಂಪು ಹೋಯಿತು. ಹಾಯೆನಿಸಿತು ಕೂಡ.

ಯಂತ್ರ ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತು, ಮಧ್ಯಾಹ್ನದ ಬಿಸಿಗೆ ನಿಂತುಬಿಡುತ್ತಿತ್ತು. ಬಿಸಿಯಾದರೆ ಆ ಗೆರೆಯ ಸಿಗ್ನಲ್ ತಪ್ಪುತ್ತಿತ್ತು. ಬೆಸುಗೆ ಬಿಟ್ಟರೂ ಹಾಗೆಯೇ ಆಗುತ್ತದೆ. ನಾನು ಅದರ ಹಿಂದೆ ಅವಿತುಕೊಂಡೆ. ಯಜಮಾನರು ನಿಮ್ಮೆದುರೇ ಕೇಳಿದರು: "ಯಾಕೆ ನಿಲ್ತಾ ಐತೆ ಸುಧಾ? ಡಿಸೈನೋ, ಸೋಲ್ಡರಿಂಗೋ?"

"ಡಿಸೈನ್ ಸರಿಯಾಗೇ ಇದೆ ಸರ್," ಅಂದೆ.

ನೀವು ನಿಮ್ಮ ಕೈಗಳನ್ನು ನೋಡಿಕೊಂಡಿರಿ. ಆ ವಾರವೇ ನಿಮ್ಮನ್ನು ಕೆಲಸದಿಂದ ತೆಗೆದರು.

ಮೊನ್ನೆ ತರೀಕೆರೆಯಲ್ಲಿ ನಿಮ್ಮ ಅಂಗಡಿಗೆ ಬಂದಿದ್ದೆನಲ್ಲ — ಬರೀ ಮೊಬೈಲ್ ಕವರ್, ಚಾರ್ಜರ್. ರಿಪೇರಿ ಯಾಕೆ ಮಾಡುವುದಿಲ್ಲ ಎಂದರೆ, "ನನ್ ಕೈ ಸರಿಯಿಲ್ಲ ಕಣಮ್ಮ, ನಿಂಗೇ ಗೊತ್ತಲ್ಲ," ಎಂದು ನಕ್ಕಿರಿ. ನನಗೇ ಗೊತ್ತು! ನಿಮ್ಮ ಕೆಲಸ ಹೋದದ್ದು ಒಂದು ಕಡೆ, ಆದರೆ ನನ್ನ ಸುಳ್ಳನ್ನು ನೀವೇ ನಂಬಿಬಿಟ್ಟಿದ್ದೀರಿ ಎಂದರೆ… ಅಲ್ಲಿಯೂ ಬಾಯಿ ಬಿಡದೆ, ಬೇಡದ ಕವರೊಂದನ್ನು ಕೊಂಡು ಬಸ್ಸು ಹತ್ತಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಇವತ್ತು ಎಲ್ಲರೆದುರು ಯಜಮಾನರಿಗೆ ನಿಜ ಹೇಳಿದೆ. "ಹಳೇದೆಲ್ಲಾ ಯಾಕೆ ಕೆದಕ್ತೀಯ, ಸುಮ್ನಿರು," ಎಂದು ಗದರಿದರು. ಸುಮ್ಮನಿದ್ದದ್ದು ಸಾಕು, ಇನ್ನು ಇರುವುದಿಲ್ಲ ಎಂದೆ. ನನ್ನ ಕೆಲಸ ಹೋದರೆ ಹೋಗಲಿ. ಅಜ್ಜಂಪುರದ ನಿಮ್ಮ ಮನೆಗೇ ಬಂದು ಮನೆಯವರಿಗೂ ನಾನೇ ಹೇಳುತ್ತೇನೆ. ಯಾರು ತಡೆಯುತ್ತಾರೋ ನೋಡೋಣ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು "ಹೋಗ್ಲಿ ಬಿಡಮ್ಮ" ಎಂದುಬಿಡುತ್ತೀರಿ, ನಾನು ಹಗುರಾಗಿಬಿಡುತ್ತೇನೆ — ಅದು ಬೇಡ. ಬೈಯಿರಿ, ಎಷ್ಟು ಬೇಕಾದರೂ ಬೈಯಿರಿ. ಆದರೆ ಕೈ ಸರಿಯಿಲ್ಲ ಎಂದು ಮಾತ್ರ ಇನ್ನೊಮ್ಮೆ ಅನ್ನಬೇಡಿ. ಅದು ನಿಮ್ಮ ಮಾತಲ್ಲ, ನಾನು ಹೇಳಿದ ಸುಳ್ಳು.